ಹೂಂ ಅನ್ನದ ಕಂಪ್ಯೂಟರ್

ಒಂದು ಕಾಡಿನಲ್ಲಿ ಒಂದು ಕಂಪ್ಯೂಟರ್ ಇತ್ತು ಅಂದರೆ ನೀವು ನಗುತ್ತೀರಿ. ನಗಿ, ಪರವಾಗಿಲ್ಲ. ಆದರೆ ಇತ್ತು. ಕಾವಲುಗಾರರು ಬಿಟ್ಟುಹೋದ ಗುಡಿಸಲಿನಲ್ಲಿ, ಬಿಸಿಲಿನ ಕರೆಂಟಿನಲ್ಲಿ ಅದು ನಡೆಯುತ್ತಿತ್ತು. ಮೊನೆಯಪ್ಪ ಎಂಬ ಮುಳ್ಳುಹಂದಿ ಅದಕ್ಕೆ ಲಿನಕ್ಸ್ ಎಂಬ ತಂತ್ರಾಂಶ ಹಾಕಿಕೊಂಡಿದ್ದ. ಒಂದೊಂದೇ ಆಜ್ಞೆ ಟೈಪ್ ಮಾಡಿ ಅದನ್ನು ಮಾತಾಡಿಸುವುದು ಅವನ ಹುಚ್ಚು. ಯಾರೂ ಕಲಿ ಅಂದಿರಲಿಲ್ಲ. ಅವನಿಗೇ ಇಷ್ಟ.

ಆದರೆ ಕಂಪ್ಯೂಟರಿನಿಂದ ಸದ್ದೇ ಬರುತ್ತಿರಲಿಲ್ಲ. ಒಂದು ಹಾಡು ಕೇಳಬೇಕೆಂದು ಮೊನೆಯಪ್ಪ ಹತ್ತು ದಿನ ಒದ್ದಾಡಿದ. ಸದ್ದಿನ ತಂತ್ರಾಂಶ ಹಾಕಲು ಹೋದಾಗಲೆಲ್ಲ ಅದು ಅವನೇ ಇಟ್ಟಿದ್ದ ಪಾಸ್‌ವರ್ಡ್ ಕೇಳುತ್ತಿತ್ತು. ಅವನು ಟೈಪ್ ಮಾಡುತ್ತಿದ್ದ. ಪರದೆಯ ಮೇಲೆ ಅಕ್ಷರ ಹೋಗಲಿ, ಒಂದು ಚುಕ್ಕಿಯೂ ಮೂಡುತ್ತಿರಲಿಲ್ಲ. ಕೀಲಿಮಣೆ ಕೆಟ್ಟಿದೆ ಎಂದುಕೊಂಡು ಅರ್ಧಕ್ಕೇ ಬಿಡುತ್ತಿದ್ದ. ಸಿಟ್ಟಿಗೆ ಬೆನ್ನಿನ ಮುಳ್ಳೆಲ್ಲ ನೆಟ್ಟಗೆ ನಿಲ್ಲುತ್ತಿದ್ದವು. ಹತ್ತನೆಯ ದಿನ ಸಿಟ್ಟೂ ಬರಲಿಲ್ಲ. ಮುಳ್ಳು ಜೋತುಬಿದ್ದವು. ಇಷ್ಟಪಟ್ಟದ್ದೇ ಬೇಡವಾಯಿತಲ್ಲ ಎಂದು ಅವನಿಗೆ ಅಳು ಬಂತು.

ನರಿ ಸೋಗಪ್ಪ ಇದನ್ನೇ ಕಾಯುತ್ತಿದ್ದ. ಕಂಪ್ಯೂಟರಿಗೆ ಹೇಗಾದರೂ ಸದ್ದು ಬರಿಸಿ, ಅದರಲ್ಲಿ ಹೇಂಟೆಯ ಕೂಗು ಹಾಕಿ, ಓಡಿಬಂದ ಕಾಡುಕೋಳಿಗಳನ್ನು ತಿನ್ನುವುದು ಅವನ ಹಂಚಿಕೆ.

"ಅಯ್ಯೋ ಮೊನೆಯಪ್ಪಣ್ಣ, ಇದು ನಿನ್ನ ತಲೆಗೆ ಹತ್ತೋ ವಿದ್ಯೆ ಅಲ್ಲ. ನನಗೆ ಕೊಟ್ಟು ಆರಾಮಾಗಿ ಗೆಣಸು ತಿನ್ಕೊಂಡಿರು," ಎಂದ.

"ನಾಳಿದ್ದು ಬಂದು ತಗೊಂಡು ಹೋಗು," ಎಂದುಬಿಟ್ಟ ಮೊನೆಯಪ್ಪ.

ಗುಡಿಸಲಿನ ತೊಲೆಯ ಮೇಲೆ ಪಾಪಜ್ಜಿ ಇದ್ದಳು. ಅವಳು ಮುದಿ ಕಾಡುಪಾಪ. ದೊಡ್ಡ ಕಣ್ಣು, ಪುಟ್ಟ ಮೈ, ಮಾತು ಬಲು ಕಮ್ಮಿ. ನರಿ ಹೋದ ಮೇಲೆ ಮೊನೆಯಪ್ಪ ಅವಳ ಮುಂದೆ ಗೋಳು ತೋಡಿಕೊಂಡ. ಅಜ್ಜಿ ಮಿಸುಕಲಿಲ್ಲ.

"ಏನಜ್ಜಿ, ಒಂದು ಹೂಂ ಕೂಡ ಅನ್ನಲ್ವಲ್ಲ! ಕೇಳಿಸ್ಕೊಂಡ್ಯೋ ಇಲ್ವೋ?"

"ಹೂಂ ಅನ್ನದಿದ್ರೆ ಕೇಳಿಸ್ಕೊಂಡಿಲ್ಲ ಅಂತಾನಾ?" ಎಂದಳು ಅಜ್ಜಿ. "ನಿನ್ನ ಕಂಪ್ಯೂಟರೂ ನನ್ನ ಹಾಗೇ ಇದ್ದೀತು. ಅರ್ಧಕ್ಕೆ ನಿಲ್ಲಿಸ್ದೆ ಪೂರ್ತಿ ಹೇಳಿ ನೋಡು. ಆದ್ರೆ ಇವತ್ತಲ್ಲ. ತುಂಬಾ ದಣಿದಿದ್ದೀಯ, ಮುಚ್ಚಿಟ್ಟು ಮಲಕ್ಕೋ ಮಗಾ. ಮುಚ್ಚಿಡೋದು ಬೇರೆ, ಬಿಟ್ಟುಬಿಡೋದು ಬೇರೆ."

ಮಾರನೆಯ ದಿನವೆಲ್ಲ ಮೊನೆಯಪ್ಪ ಗೆಣಸು ತಿಂದ, ಹೊಳೆದಂಡೆಯಲ್ಲಿ ಹೊರಳಾಡಿದ, ಗಡದ್ದಾಗಿ ನಿದ್ದೆ ಹೊಡೆದ. ಮೂರನೆಯ ದಿನ ಬೆಳಿಗ್ಗೆ ಕಂಪ್ಯೂಟರ್ ತೆರೆಯಲು ತಾನಾಗಿಯೇ ಮನಸ್ಸಾಯಿತು.

ಸೋಗಪ್ಪನೂ ಬಂದ.

"ಸ್ವಲ್ಪ ತಡಿ, ಕೊನೇ ಸಲ ನೋಡ್ತೀನಿ," ಎಂದ ಮೊನೆಯಪ್ಪ.

ಪಾಸ್‌ವರ್ಡ್ ಒಂದು ಗೊತ್ತಾದರೆ ಕದ್ದೊಯ್ದರೂ ಆಯಿತು ಎಂದು ನರಿ ಬೆನ್ನ ಹಿಂದಿನಿಂದ ಇಣುಕಿದ. ಮೊನೆಯಪ್ಪ ಟೈಪ್ ಮಾಡಿದ. ಪರದೆ ಖಾಲಿ. ನರಿ ಇನ್ನಷ್ಟು ಬಗ್ಗಿದ. ಆಗಲೂ ಖಾಲಿ.

"ಥೂ, ಏನೂ ಕಾಣಿಸಲ್ವಲ್ಲೋ!" ಎಂದು ಗೊಣಗಿದ.

ಮೊನೆಯಪ್ಪನಿಗೆ ಥಟ್ಟನೆ ಹೊಳೆಯಿತು. ಹೀಗೆ ಇಣುಕುವವರಿಗೆ ಕಾಣಬಾರದೆಂದೇ ಪರದೆ ಸುಮ್ಮನಿದೆ! ಅವನು ಕೊನೆಯ ಅಕ್ಷರದವರೆಗೂ ಮುಗಿಸಿ ಎಂಟರ್ ಒತ್ತಿದ. ಪರದೆಯ ತುಂಬ ಸಾಲುಗಳು ಓಡಿದವು. ತಂತ್ರಾಂಶ ಕೂತದ್ದೇ ಅವನು ಹಾಡು ಹಾಕಿದ. ಸ್ಪೀಕರಿನಿಂದ ಮೊದಲು "ಹೂಂ..." ಎಂದು ಸದ್ದು ಬಂತು. ಆಮೇಲೆ ಹಾಡು ಬಂತು.

ಮೊನೆಯಪ್ಪನ ಮುಳ್ಳೆಲ್ಲ ಒಮ್ಮೆಲೇ ನೆಟ್ಟಗೆ ನಿಂತವು, ಈ ಸಲ ಖುಷಿಗೆ. ಏಳು ಮುಳ್ಳು ಸೋಗಪ್ಪನ ಮೂಗಿಗೇ ನಾಟಿದವು. ಊಳಿಡುತ್ತಾ ಓಡಿದವನು ಮತ್ತೆ ಆ ಕಡೆ ತಲೆ ಹಾಕಿಯೂ ಮಲಗಲಿಲ್ಲ.

"ಕೇಳಿಸ್ತಾ ಅಜ್ಜಿ?" ಎಂದು ಮೊನೆಯಪ್ಪ ಕೂಗಿದ.

ಪಾಪಜ್ಜಿ ಹೂಂ ಅನ್ನಲಿಲ್ಲ. ಅವಳ ದೊಡ್ಡ ಕಣ್ಣು ತುಂಬಿದ್ದವು.

ನೀತಿ: ಕಲಿತದ್ದು ಕಾಣಿಸಲಿಲ್ಲವೆಂದು ಕಲಿಕೆಯನ್ನು ಬಿಡಬೇಡಿ, ದಣಿದರೆ ವಿಶ್ರಾಂತಿ ಪಡೆದು ಮತ್ತೆ ಮುಂದುವರಿಸಿ.