ಸಾರುವವನ ಹೆಸರು

“ಗುರುಗಳೇ, ಸಭೆಯ ಮುಂದೆ ನಿಂತ ಕೂಡಲೇ ನನ್ನ ಗಂಟಲು ಕಟ್ಟುತ್ತದೆ. ಅಳುಕಿಲ್ಲದೆ, ಜನರ ಮನಸ್ಸಿಗೆ ನಾಟುವ ಹಾಗೆ ಮಾತಾಡುವುದು ಹೇಗೆ?” ಎಂದು ಶಿಷ್ಯ ಮಹಾಂತ ಕೇಳಿದ.

ಮರುದಿನ ಊರ ಸಾಹುಕಾರ ಕಟ್ಟಿಸಿದ ಛತ್ರದ ಬಾಗಿಲು ತೆರೆಯುವ ಸಮಾರಂಭವಿತ್ತು. ಮಠದ ಪರವಾಗಿ ಮಹಾಂತ ಮಾತಾಡಬೇಕಿತ್ತು. ಏನೇನು ಹೇಳಬೇಕೆಂದು ಸಾಹುಕಾರನ ಮನೆಯವರೇ ಬರೆದು ಕಳಿಸಿದ್ದರು. ಮಹಾಂತ ಅದಕ್ಕೆ ತನ್ನದೂ ನಾಲ್ಕು ಹೊಗಳಿಕೆ ಸೇರಿಸಿ ಎರಡು ಹಾಳೆ ತುಂಬಿಸಿದ್ದ. ಛತ್ರದ ಜಗಲಿಗೆ ಹಾಸಿದ್ದು ಕೆರೆಯ ಮೆಟ್ಟಿಲ ಕಲ್ಲುಗಳು, ಹೇಳದೆ ಕೇಳದೆ ಕಿತ್ತು ತಂದವು. ಈಗ ನೇಕಾರರ ಓಣಿಯ ಹೆಂಗಸರು ಕೆಸರಿನಲ್ಲಿ ಜಾರುತ್ತ ನೀರಿಗಿಳಿಯುತ್ತಿದ್ದರು. ಇದು ಊರಿಗೆಲ್ಲ ಗೊತ್ತಿತ್ತು, ಮಹಾಂತನಿಗೂ ಗೊತ್ತಿತ್ತು. ಹಾಳೆಯಲ್ಲಿ ಮಾತ್ರ ಇರಲಿಲ್ಲ.

ಗುರುಗಳು ಎರಡೂ ಹಾಳೆ ಓದಿದರು. ಅವರ ಹುಬ್ಬು ಗಂಟಿಕ್ಕಿತು. ಹಾಳೆಗಳನ್ನು ಮಡಿಸಿ ಮೊಣಕಾಲ ಕೆಳಗಿಟ್ಟುಕೊಂಡು ಈ ಕತೆ ಹೇಳಿದರು.

ಒಂದೂರಿನಲ್ಲಿ ಡಂಗುರ ಸಾರುವವನೊಬ್ಬನಿದ್ದ. ಊರ ಗೌಡನ ಅಪ್ಪಣೆಗಳನ್ನು ತಮಟೆ ಬಡಿದು ಏಳು ಕೇರಿಗಳಲ್ಲಿ ಸಾರುವುದು ಅವನ ಕೆಲಸ. ಅವನ ಅಪ್ಪನ ಕೆಲಸವೂ ಅದೇ, ಅಜ್ಜನದೂ ಅದೇ. ಅವನು ಕೂಗಿದರೆ ದೂರದ ಹೊಲದಲ್ಲಿ ಉಳುವವನಿಗೂ ಕೇಳಿಸುತ್ತಿತ್ತು. ಸಾವಿರ ಜನ ಸೇರಿದ್ದರೂ ಅವನ ದನಿ ಒಮ್ಮೆಯೂ ನಡುಗಿದ್ದಿಲ್ಲ.

ಆ ಊರಿನಲ್ಲಿ ಒಂದು ಕಟ್ಟಳೆಯಿತ್ತು. ತಮಟೆಯ ಸದ್ದು ಕೇಳಿದವರು ಎಲ್ಲಿದ್ದಾರೋ ಅಲ್ಲೇ ನಿಲ್ಲಬೇಕು. ಸಾರುವವನು ವಿಷಯ ಹೇಳಿ, ಕೊನೆಗೆ ಇದು ಇಂಥವರ ಅಪ್ಪಣೆ ಎಂದು ಹೆಸರು ಹೇಳುವ ತನಕ ಕದಲುವಂತಿಲ್ಲ. ಹೊಸಿಲು ದಾಟುತ್ತಿದ್ದವನು ಹೊಸಿಲಲ್ಲೇ ನಿಲ್ಲಬೇಕು, ತುತ್ತು ಎತ್ತಿದವನು ತುತ್ತನ್ನು ಹಿಡಿದೇ ಇರಬೇಕು. ಏಳು ಕೇರಿಗಳಲ್ಲಿ ಸಾರಿದ ಮಾತನ್ನು ಕೇಳಿಲ್ಲ ಎಂದು ಆಮೇಲೆ ಯಾರೂ ಹೇಳುವ ಹಾಗಿಲ್ಲ. ಗೌಡನ ಮುತ್ತಜ್ಜ ತನ್ನ ಮಾತು ನಡೆಯಲೆಂದು ಮಾಡಿಟ್ಟ ಕಟ್ಟಳೆ ಅದು.

ಒಂದು ದಿನ ಗೌಡ ಹೊಸ ಅಪ್ಪಣೆ ಕೊಟ್ಟ. ಹಳೆಯ ಬಾವಿ ಇನ್ನು ಮುಂದೆ ತನ್ನ ಬಾಳೆತೋಟಕ್ಕೆ ಸೇರಿತು, ಸುತ್ತ ಗೋಡೆ ಏಳುತ್ತದೆ, ಹೊರಗಿನವರು ಬರಕೂಡದು. ಆ ಬಾವಿ ತೋಡಿದ್ದು ಸಾರುವವನ ಕೇರಿಯವರು. ಅದರ ಮಣ್ಣನ್ನು ತಲೆಯ ಮೇಲೆ ಹೊತ್ತು ಹಾಕಿದ್ದು ಅವನ ಸ್ವಂತ ಅಜ್ಜಿ. ಆ ಕೇರಿಗೆ ಬೇರೆ ನೀರಿಲ್ಲ. ಎಲ್ಲ ಗೊತ್ತಿದ್ದೂ ಅವನು ತಮಟೆ ಹೆಗಲಿಗೇರಿಸಿ ಹೊರಟ. ಆರು ಕೇರಿ ಮುಗಿಸಿ ತನ್ನ ಕೇರಿಗೂ ಬಂದು ಅದೇ ಗಟ್ಟಿ ದನಿಯಲ್ಲಿ ಸಾರಿದ. ಅವನ ಹೆಂಡತಿ ತುಂಬಿದ ಬಸುರಿ, ಸೊಂಟದ ಮೇಲೆ ಖಾಲಿ ಕೊಡ ಇಟ್ಟುಕೊಂಡು ಕಟ್ಟಳೆಯಂತೆ ನಿಂತು ಕೇಳಿದಳು. ಗಂಡ ಗೌಡನ ಹೆಸರು ಹೇಳಿದ ಮೇಲೆ, “ಇದನ್ನೂ ಸಾರಿ ಬಂದ್ಯಾ?” ಎಂದಳು. ಅವಳು ಹಳ್ಳದ ದಾರಿ ಹಿಡಿದಳು. ಹೋಗಿ ಬರಲು ಅರ್ಧ ದಿನದ ದಾರಿ.

ಕೇರಿಯ ಹಿರಿಯರು ಸೇರಿದರು. ಊರಿನಲ್ಲಿ ನಿನ್ನಂಥ ಗಂಟಲು ಇನ್ಯಾರಿಗಿದೆ, ಚಾವಡಿಯಲ್ಲಿ ಸಭೆ ಸೇರಿದಾಗ ನೀನೇ ಎದ್ದು ಕೇಳು ಎಂದರು. ಅವನೂ ಉಬ್ಬಿದ. ಮಾತು ನನಗೆ ಯಾವ ಲೆಕ್ಕ ಎಂದುಕೊಂಡ.

ಸಭೆಯ ದಿನ ಎದ್ದು ನಿಂತ. ಹೆಗಲ ಮೇಲೆ ತಮಟೆಯಿರಲಿಲ್ಲ. ಕೈಗಳನ್ನು ಎಲ್ಲಿಡಬೇಕೆಂದು ತಿಳಿಯಲಿಲ್ಲ. ಮಾತು ಶುರು ಮಾಡುವ ಬಗೆ ಅವನಿಗೆ ಗೊತ್ತಿದ್ದುದು ಒಂದೇ. ಅದೇ ಬಾಯಿಂದ ಬಂತು. “ಅಪ್ಪಣೆ ಏನಂದರೆ...” ಎಂದುಬಿಟ್ಟ. ಸಭೆ ಬಿದ್ದು ಬಿದ್ದು ನಕ್ಕಿತು. ಗೌಡ ನಗೆ ತಡೆದುಕೊಂಡು, “ನನ್ನ ಅಪ್ಪಣೆ ಏನಪ್ಪ, ನನಗೂ ಸ್ವಲ್ಪ ಹೇಳು” ಎಂದ. ಸಾರುವವನ ಬಾಯಿಗೆ ಬಾವಿ ಎಂಬ ಮಾತೇ ಬರಲಿಲ್ಲ. ಕುಳಿತುಬಿಟ್ಟ.

ಅವಮಾನದಿಂದ ಕುದಿದುಹೋದ. ಆದರೆ ಸಿಟ್ಟು ಬಂದದ್ದು ಗೌಡನ ಮೇಲಲ್ಲ, ಗೋಡೆಯ ಮೇಲೂ ಅಲ್ಲ. ತನ್ನ ಗಂಟಲಿನ ಮೇಲೆ. ಇನ್ನು ಮುಂದೆ ಜನ ನನ್ನನ್ನು ನೋಡಿ ನಗಬಾರದು ಎಂದು ಹಟ ಹಿಡಿದ. ಪಕ್ಕದೂರಿನಲ್ಲಿ ಮಾತಿನ ಕಲೆ ಹೇಳಿಕೊಡುವ ಪಂಡಿತನೊಬ್ಬನಿದ್ದ. ಅವನ ಮನೆಯಲ್ಲಿ ಸೌದೆ ಒಡೆದು ವಿದ್ಯೆ ಕಲಿತ. ಪಾದ ಹೀಗಿಡು, ಎದೆ ಹೀಗೆತ್ತು, ಮೊದಲು ಸಭೆಯನ್ನು ಹೊಗಳು, ನಡುವೆ ಒಮ್ಮೆ ನಗಿಸು, ನಕ್ಕ ಮೇಲೆ ತುಸು ತಡೆ ಎಂದು ಪಂಡಿತ ತಿದ್ದಿದ. ಸಾರುವವನು ಎರಡು ತಿಂಗಳು ದಿನವೂ ಗುಡ್ಡ ಹತ್ತಿ ಬಂಡೆಗಳಿಗೆ ಭಾಷಣ ಮಾಡಿದ. ಆ ಎರಡು ತಿಂಗಳೂ ಅವನ ಹೆಂಡತಿ ಹಳ್ಳದಿಂದಲೇ ನೀರು ಹೊತ್ತಳು. ಮಗು ಹುಟ್ಟಿದ ಮೇಲೆ ಅದನ್ನು ಬೆನ್ನಿಗೆ ಕಟ್ಟಿಕೊಂಡು ಹೊತ್ತಳು.

ಮುಂದಿನ ಸಭೆಯಲ್ಲಿ ಅವನು ಮಾತಾಡಿದ. ಎಂಥ ಮಾತು. ಊರನ್ನು ಹೊಗಳಿದ, ಗೌಡನ ವಂಶವನ್ನು ಹೊಗಳಿದ, ಎರಡು ಸಲ ನಗಿಸಿದ. ಕೊನೆಯಲ್ಲಿ ಬಾವಿಯ ವಿಷಯವನ್ನೂ ತಂದ. ಆದರೆ ಯಾರ ಮನಸ್ಸೂ ನೋಯದ ಹಾಗೆ, ದೊಡ್ಡವರ ಮನಸ್ಸು ಆಳವಾದ ಬಾವಿಯಿದ್ದಂತೆ ಎಂದು ಹೇಳಿ ಕೈ ಮುಗಿದ. ಸಭೆ ತಲೆದೂಗಿತು. ಗೌಡ ಎದ್ದು ಬಂದು ತನ್ನ ಹೆಗಲ ಶಾಲು ತೆಗೆದು ಅವನಿಗೆ ಹೊದಿಸಿದ.

ಶಾಲು ಹೊದ್ದುಕೊಂಡೇ ಮನೆಗೆ ಬಂದ. ಕೇರಿಯವರೆಲ್ಲ ಅಂಗಳದಲ್ಲಿ ಕಾದು ಕುಳಿತಿದ್ದರು. ಸಭೆ ಹೇಗೆ ಮೆಚ್ಚಿತೆಂದು ಅವನು ಹೇಳತೊಡಗಿದ. ಅಷ್ಟರಲ್ಲಿ ಹೆಂಡತಿ ಹಳ್ಳದಿಂದ ಬಂದಳು. ಕೊಡ ಇಳಿಸಿ ಗಂಡನ ಹೆಗಲು ನೋಡಿದಳು. “ಶಾಲು ಬಂತು. ಬಾವಿ?” ಎಂದಳು.

ಆಗ ಅವನ ಕಣ್ಣು ತೆರೆಯಿತು. ಗೌಡನ ಅಪ್ಪಣೆಯನ್ನು ಸಾರಿದವನು ತಾನು, ಇವತ್ತು ಗೌಡ ಹೇಳಿಸದಿದ್ದರೂ ಗೌಡನ ಮಾತನ್ನೇ ಆಡಿ ಬಂದವನೂ ತಾನೇ. ಮೊದಲ ಸಲ ಬಾಯಿ ತಪ್ಪಿ ಆಡಿದ್ದನ್ನು ಈ ಸಲ ಎರಡು ತಿಂಗಳು ಕಲಿತು ಆಡಿದ್ದ. ಅವನ ಮೈ ಉರಿಯಿತು. ಶಾಲನ್ನು ಕಿತ್ತು ಸೂರಿನ ಮೇಲೆ ಎಸೆದ. ಅಂದು ಅವನು ಊಟ ಮಾಡಲಿಲ್ಲ.

ಮರುದಿನ ಬೆಳಿಗ್ಗೆ ತಮಟೆ ತೆಗೆದುಕೊಂಡು ಹೊರಟ. ಮೊದಲ ಕೇರಿಯಲ್ಲಿ ನಿಂತು ಬಡಿದ. ಜನ ಕಟ್ಟಳೆಯಂತೆ ನಿಂತರು. ತಮಟೆಯ ಕೋಲು ಕೈಯಿಂದ ಜಾರಿ ಬಿತ್ತು. ಎತ್ತಿಕೊಂಡ. ಪಂಡಿತ ಕಲಿಸಿದ್ದು ಒಂದೂ ನೆನಪಾಗಲಿಲ್ಲ.

“ಹಳೆ ಬಾವಿ ತೋಡಿದ್ದು ನಮ್ಮ ಕೇರಿಯವರು. ಗೋಡೆ ಹಾಕಿದ್ದು ಗೌಡರು. ಅದು ಸರಿ ಅಂತ ಊರೆಲ್ಲ ಸಾರಿದ್ದು ನಾನು. ತಪ್ಪು ಮಾಡಿದೆ. ಇವತ್ತು ಸಂಜೆ ಗೋಡೆ ಒಡೀತೀವಿ. ಆ ನೀರು ಕುಡಿದವರು, ಕುಡಿದವರ ಮಕ್ಕಳು ಬನ್ನಿ” ಎಂದ.

ಜನ ಕದಲಲಿಲ್ಲ. ಅಪ್ಪಣೆ ಯಾರದೆಂದು ಅವನು ಇನ್ನೂ ಹೇಳಿರಲಿಲ್ಲ. ಸಾವಿರ ಸಲ ಸಾರಿದ್ದರೂ ಆ ಜಾಗದಲ್ಲಿ ತನ್ನ ಹೆಸರನ್ನು ಅವನು ಒಮ್ಮೆಯೂ ಇಟ್ಟಿರಲಿಲ್ಲ. ಕೊನೆಗೆ ಹೇಳಿದ. ದನಿ ಒಡೆಯಿತು. ಯಾರೂ ನಗಲಿಲ್ಲ.

ಹಾಗೆಯೇ ಆರು ಕೇರಿ ಸುತ್ತಿದ. ಏಳನೆಯದು ಗೌಡನ ಕೇರಿ. ಗೌಡ ಚಪ್ಪಲಿ ಮೆಟ್ಟಿ ಹೊರಗೆ ಬರುತ್ತಿದ್ದವನು ತಮಟೆ ಕೇಳಿ ಹೊಸಿಲಲ್ಲೇ ನಿಲ್ಲಬೇಕಾಯಿತು. ಮುತ್ತಜ್ಜನ ಕಟ್ಟಳೆಯನ್ನು ಅವನೇ ಮುರಿಯುವಂತಿರಲಿಲ್ಲ. ತನ್ನ ಮೇಲಿನ ಮಾತನ್ನು ಮೊದಲಿನಿಂದ ಕೊನೆಯವರೆಗೆ, ಸಾರುವವನ ಹೆಸರು ಬರುವ ತನಕ, ಒಂದು ಕಾಲು ಒಳಗೆ ಒಂದು ಕಾಲು ಹೊರಗೆ ಇಟ್ಟು ಕೇಳಿದ.

ಸಂಜೆ ಏಳೂ ಕೇರಿಯವರು ಬಂದರು. ಕೆಲವರ ಕೈಯಲ್ಲಿ ಹಾರೆಯಿತ್ತು, ಉಳಿದವರು ಬರಿಗೈಯಲ್ಲೇ ಕಲ್ಲು ಎತ್ತಿ ಹಾಕಿದರು. ಗೌಡ ಆ ಕಡೆ ಸುಳಿಯಲಿಲ್ಲ. ಸಾರುವವನ ಕೆಲಸ ಮರುದಿನವೇ ಹೋಯಿತು. ಅವನ ಹೆಂಡತಿ ಬಾವಿಗೆ ಹಗ್ಗ ಬಿಟ್ಟು ಮೊದಲ ಕೊಡ ಸೇದಿದಳು.

ಗುರುಗಳು ಕತೆ ನಿಲ್ಲಿಸಿದರು. ಮಹಾಂತ, “ಅಂತೂ ಕೊನೆಗೆ ಅವನ ಅಳುಕು ಹೋಯಿತಲ್ಲವೇ ಗುರುಗಳೇ?” ಎಂದು ಕೇಳಿದ.

“ಇಲ್ಲ. ಏಳನೆಯ ಕೇರಿಯಲ್ಲೂ ಅವನ ಕೈಯಲ್ಲಿ ಕೋಲು ನೆಟ್ಟಗೆ ನಿಲ್ಲಲಿಲ್ಲ” ಎಂದರು ಗುರುಗಳು. ಅವರ ದನಿಯಲ್ಲಿದ್ದ ಸಿಟ್ಟು ತನ್ನ ಮೇಲೆಯೇ ಎಂದು ಮಹಾಂತನಿಗೆ ಆಗ ತಿಳಿಯಿತು.

ಗುರುಗಳು ಮೊಣಕಾಲ ಕೆಳಗಿನ ಹಾಳೆಗಳನ್ನು ತೆಗೆದು ಅವನ ಕೈಗಿಟ್ಟರು.

“ನಾಳೆ ಛತ್ರದ ಜಗಲಿಗೆ ಹಾಸಿದ ಆ ಕೆರೆಯ ಕಲ್ಲಿನ ಮೇಲೆ ನಿಂತು ಇದನ್ನು ಓದಿ ಮುಗಿಸಿದಾಗ, ಅಪ್ಪಣೆ ಯಾರದೆಂದು ನೇಕಾರರ ಓಣಿಯವರು ಕೇಳಿದರೆ ಯಾರ ಹೆಸರು ಹೇಳುತ್ತೀಯ?”