ಬಗ್ಗಿದವರನ್ನು ಕಂಡರೆ ನಾಯಿ ಓಡುವುದೇಕೆ

ಬಾ ಇಲ್ಲಿ, ಕೂತ್ಕೋ. ಚಪ್ಪಲಿ ಆಮೇಲೆ ಹಾಕಿಕೊಂಡರಾಯಿತು. ನೀನು ಚಪ್ಪಲಿ ಪಟ್ಟಿ ಎಳೆಯೋಕೆ ಬಗ್ಗಿದೆ, ಬೀದಿ ನಾಯಿ ಬಾಲ ಮುದುರಿಕೊಂಡು ಓಡಿತು. "ನಾನೇನೂ ಮಾಡಲಿಲ್ಲ ಅಜ್ಜಿ" ಅಂತ ಮುಖ ಊದಿಸಿಕೊಂಡಿದ್ದೀಯ. ನೀನು ಮಾಡಲಿಲ್ಲ ಮಗಾ, ಒಪ್ಪಿದೆ. ಮಾಡಿದವಳು ಬೇರೆ. ಹೇಳ್ತೀನಿ ಕೇಳು, ನಡುವೆ ಬಾಯಿ ಹಾಕಬೇಡ.

ಆಗಿನ್ನೂ ಲೋಕ ಹೊಸದು. ಬಂಡೆಗಳಿಗೆ ಪಾಚಿ ಹಿಡಿದಿರಲಿಲ್ಲ. ಯಾವ ಕಡೆ ಹರಿಯಬೇಕು ಅಂತ ಹೊಳೆಗೇ ಸರಿಯಾಗಿ ಗೊತ್ತಿರಲಿಲ್ಲ, ದಿನಕ್ಕೆರಡು ಸಲ ಗಾಳಿಯನ್ನು ಕೇಳಿಕೊಂಡು ಹರಿಯುತ್ತಿತ್ತು. ಗಾಳಿಗೆ ಮಾತು ಬರುತ್ತಿತ್ತು, ಗುಬ್ಬಿಗೆ ಬರುತ್ತಿತ್ತು, ನಾಯಿಗೂ ಬರುತ್ತಿತ್ತು. ಮನುಷ್ಯರಿಗೆ ಎಲ್ಲರ ಮಾತೂ ತಿಳಿಯುತ್ತಿತ್ತು. ಕೇಳುವ ತಾಳ್ಮೆ ಮಾತ್ರ ಆಗಲೂ ಕಡಿಮೆಯೇ.

ಆ ಹೊಳೆಯ ಪಕ್ಕ ಸಾಕವ್ವ ಅಂತ ಒಬ್ಬಳಿದ್ದಳು. ಅವಳ ಜೊತೆಗೆ ಬೂದ ಅಂತ ಒಂದು ನಾಯಿ. ಲೋಕದ ಮೊದಲ ನಾಯಿ ಅದು. ಒಲೆಯ ಬೂದಿಯಲ್ಲಿ ಹೊರಳಿ ಹೊರಳಿ ಅದೇ ಬಣ್ಣಕ್ಕೆ ತಿರುಗಿತ್ತು. ಸಾಕವ್ವನಿಗೆ ಗಂಡನಿಲ್ಲ, ಮಕ್ಕಳಿಲ್ಲ. ಬೂದನೇ ಎಲ್ಲ.

ದಿನಾ ಬೆಳಿಗ್ಗೆ ಸಾಕವ್ವ ರಾಗಿ ಮುದ್ದೆ ತೊಳಸುತ್ತಿದ್ದಳು. ತೊಳಸಿದ ಮೇಲೆ ಕೋಲನ್ನು ಮಡಕೆಯ ಅಂಚಿಗೆ ಟಕ್ ಟಕ್ ಅಂತ ಬಡಿದು ಅಂಟಿದ ಹಿಟ್ಟು ಉದುರಿಸುತ್ತಿದ್ದಳು. ಆಮೇಲೆ ಮೊದಲ ತುತ್ತು ಬೂದನಿಗೆ. ಎಸೆಯುವುದಿಲ್ಲ. ಬಗ್ಗಿ, ನೆಲದ ಮೇಲೆ ಎಲೆ ಹಾಕಿ, ಅದರ ಮೇಲಿಟ್ಟು, ತಲೆ ಸವರಿ ಏಳುವುದು. ಅದು ಅವಳ ಪದ್ಧತಿ.

ಟಕ್ ಟಕ್ ಅಂದರೆ ತುತ್ತು. ಅವ್ವ ಬಗ್ಗಿದರೆ ತುತ್ತು. ಬೂದನಿಗೆ ಇದು ಎಷ್ಟು ಚೆನ್ನಾಗಿ ಮೈಗೆ ಹತ್ತಿತು ಅಂದರೆ, ಮುದ್ದೆಯ ಮುಖ ನೋಡುವ ಮೊದಲೇ ಜೊಲ್ಲು ಸುರಿಯುತ್ತಿತ್ತು. ಒಮ್ಮೆ ಸಾಕವ್ವ ಬರಿಯ ಕೋಲು ತೊಳೆದು ಬಡಿದರೂ ಓಡಿಬಂದು ನಿಂತ.

"ಅಯ್ಯೋ ಹೊಟ್ಟೆಬಾಕ, ಇನ್ನೂ ಒಲೆನೇ ಹಚ್ಚಿಲ್ಲ ಕಣೋ!" ಅಂತ ಸಾಕವ್ವ ನಕ್ಕಳು.

"ಏನು ಮಾಡಲಿ ಅವ್ವ, ಸದ್ದು ಕೇಳಿದರೆ ಬಾಯಿ ತಾನಾಗೇ ಒದ್ದೆಯಾಗುತ್ತೆ" ಅಂದ ಬೂದ.

ಒಂದು ವರ್ಷ ಬಿತ್ತನೆಗೆ ಅಂತ ಇದ್ದದ್ದು ಒಂದೇ ಮೊರ ರಾಗಿ. ಸಾಕವ್ವ ಅದನ್ನು ಹೊಳೆಯಂಚಿನ ಬಂಡೆಯ ಮೇಲೆ ಚಾಪೆ ಹಾಸಿ ಒಣಗಲು ಹರವಿದಳು. ಗುಬ್ಬಿಗಳಿಗೆ ಇನ್ನೇನು ಬೇಕು? ಬಂದವು.

"ಹುಷ್! ಹುಷ್!" ಅಂದಳು. ಗುಬ್ಬಿಗಳು ಕೇಳಲಿಲ್ಲ. "ಕೂಗಿದರೆ ನಮಗೇನು ಅವ್ವ, ಸದ್ದು ಮಾಡು, ಆಗ ಹೋಗ್ತೀವಿ" ಅಂತ ಹಲ್ಲಿಲ್ಲದ ಕೊಕ್ಕಲ್ಲಿ ನಗಾಡಿದವು.

ಸಾಕವ್ವ ಒಳಗೆ ಓಡಿದಳು. ಕೈಗೆ ಸಿಕ್ಕಿದ್ದು ಅದೇ ಮಡಕೆ, ಅದೇ ಕೋಲು. ಬಂಡೆಯ ಹತ್ತಿರ ನಿಂತು ಬಡಿದಳು. ಟಕ್ ಟಕ್! ಟಕ್ ಟಕ್!

ಗುಬ್ಬಿಗಳು ಹಾರಿದವು. ಆದರೆ ಹೊಂಗೆಯ ನೆರಳಲ್ಲಿ ಮಲಗಿದ್ದ ಬೂದ ಎದ್ದ. ಅವ್ವ ಕರೆದಳು ಅಂತ ಬಾಣ ಬಿಟ್ಟಂತೆ ಬಂದ. ಚಾಪೆಯ ಮೇಲೇ ಬಂದ. ಚಾಪೆ ಜಾರಿತು, ರಾಗಿಯೆಲ್ಲ ಹೊಳೆಗೆ ಸುರಿಯಿತು. ಒಂದು ವರ್ಷದ ಅನ್ನ ಕಣ್ಣೆದುರಿಗೇ ಹರಿದುಹೋಯಿತು.

ಸಾಕವ್ವನಿಗೆ ಕಣ್ಣು ಕತ್ತಲೆ ಬಂತು. ಅವಳು ಬಗ್ಗಿದಳು.

ಬೂದ ಬಾಲ ಅಲ್ಲಾಡಿಸಿದ. ಬಗ್ಗಿದಳಲ್ಲ, ತುತ್ತು ಬರುತ್ತದೆ ಅಂತ ಮುಖ ಎತ್ತಿಕೊಂಡು ಇನ್ನೂ ಹತ್ತಿರ ಬಂದ.

ಬಂದದ್ದು ಕಲ್ಲು. ಮುಂಗಾಲಿಗೆ ಬಿತ್ತು. ಬೂದ ಹಿಂದೆಂದೂ ಕೂಗದ ಹಾಗೆ ಕೂಗಿ, ಕುಂಟುತ್ತಾ ಓಡಿದ.

ಗಾಳಿ ಎಲ್ಲವನ್ನೂ ನೋಡುತ್ತಿತ್ತು. ಮೆಲ್ಲಗೆ ಬಂದು ಅವಳ ಕಿವಿಯ ಹತ್ತಿರ ಹೇಳಿತು: "ಸಾಕವ್ವ, ಅವನಾಗಿ ಬರಲಿಲ್ಲ. ನೀನೇ ಕರೆದೆ."

ಸಾಕವ್ವ ಕಾಲ ಬಳಿ ಬಿದ್ದಿದ್ದ ಕೋಲು ನೋಡಿದಳು. ಮಡಕೆ ನೋಡಿದಳು. ಅಲ್ಲೇ ಕುಸಿದು ಕೂತು, "ಎಂಥ ಕೆಲಸ ಮಾಡಿಬಿಟ್ಟೆ, ನನ್ನ ಕೈ ಸೇದಿಹೋಗ" ಅಂತ ಅತ್ತಳು. ಅವಳು ಅತ್ತಿದ್ದು ರಾಗಿಗಲ್ಲ.

ಮಾರನೆಯ ದಿನ ಅಕ್ಕಪಕ್ಕದವರು ಕೊಟ್ಟ ಹಿಡಿ ಹಿಟ್ಟಲ್ಲಿ ಮುದ್ದೆ ತೊಳಸಿ ಬಡಿದಳು. ಟಕ್ ಟಕ್. ಬೂದ ಬಂದ, ಜೊಲ್ಲು ಸುರಿಸುತ್ತಲೇ ಬಂದ. ಅವಳು ತುತ್ತಿಡಲು ಬಗ್ಗಿದಳು. ಬೂದ ಓಡಿದ.

"ಕಲ್ಲಲ್ಲ ಕಣೋ, ತುತ್ತು! ನೋಡೋ, ನಿನ್ನವ್ವ ಕಣೋ!"

ಬೂದ ದೂರ ನಿಂತು ತಿರುಗಿ ನೋಡಿದ. ಅವನ ಕಣ್ಣಲ್ಲೂ ನೀರಿತ್ತು. "ನಂಗೊತ್ತು ಅವ್ವ, ನಿನ್ನ ಕೈಯಲ್ಲಿರೋದು ತುತ್ತು ಅಂತ. ನನ್ನ ಕಾಲಿಗೆ ಗೊತ್ತಾಗ್ತಿಲ್ಲ."

ಸಾವಿರ ದಿನ ತುತ್ತಿಟ್ಟವಳು ಅವಳು. ಕಲ್ಲು ಎತ್ತಿದ್ದು ಒಂದೇ ದಿನ. ಆದರೂ ಹೀಗಾಯಿತು ನೋಡು.

ಸಾಕವ್ವ ಬಿಡಲಿಲ್ಲ. ತುತ್ತಿಟ್ಟು ದೂರ ಹೋಗಿ ನಿಲ್ಲುವಳು, ಬೂದ ಬಂದು ತಿನ್ನುವನು. ಈ ವರ್ಷ ಇಪ್ಪತ್ತು ಹೆಜ್ಜೆ, ಮುಂದಿನ ವರ್ಷ ಹದಿನೆಂಟು. ಹೀಗೆ ಎಷ್ಟೋ ಮಳೆಗಾಲ ಹೋದವು. ಹದಿನೆಂಟು ಹತ್ತಾಯಿತು, ಹತ್ತು ಮೂರಾಯಿತು. "ಇನ್ನೊಂದಿಷ್ಟು ದಿನ, ಆಮೇಲೆ ಅವನ ತಲೆ ಸವರ್ತೀನಿ" ಅಂತ ಅವಳು ಗಾಳಿಗೆ ಹೇಳುತ್ತಿದ್ದಳು. ಅವಳಿಗೆ ಬೇರೆ ಯಾವ ಆಸೆಯೂ ಉಳಿದಿರಲಿಲ್ಲ.

ಅಷ್ಟರಲ್ಲಿ ಬೂದನಿಗೆ ಮರಿಗಳಾಗಿದ್ದವು. ಅವಕ್ಕೆ ಯಾರೂ ಹೊಡೆದಿರಲಿಲ್ಲ. ಅಪ್ಪ ಓಡುವುದನ್ನು ನೋಡಿದವು, ತಾವೂ ಓಡಿದವು. ಊರಿನವರೇನು ಕಡಿಮೆಯೇ? ಬಗ್ಗಿದರೆ ನಾಯಿ ಓಡುತ್ತದೆ ಅಂತ ಕಂಡುಕೊಂಡರು. ಬರಿಗೈಯಲ್ಲಿ ಬಗ್ಗಿ ಓಡಿಸಿ, ಹೊಟ್ಟೆ ಹಿಡಿದುಕೊಂಡು ನಗುವುದನ್ನೂ ಕಲಿತರು. ಒಮ್ಮೊಮ್ಮೆ ನಿಜವಾಗಿಯೂ ಕಲ್ಲೆತ್ತಿದರು. ಸಾಕವ್ವ ಬೈದಳು, ಕಾಲಿಗೆ ಬಿದ್ದಳು. ಯಾರು ಕೇಳ್ತಾರೆ?

ಮೂರು ಹೆಜ್ಜೆ ಎರಡಾದ ಚಳಿಗಾಲದಲ್ಲಿ ಸಾಕವ್ವ ಜ್ವರ ಬಂದು ಮಲಗಿದಳು. ಎರಡು ತಿಂಗಳಾದ ಮೇಲೆ ಎದ್ದಾಗ ಬೆನ್ನು ನೆಟ್ಟಗಾಗಲಿಲ್ಲ. ವಯಸ್ಸಾಗಿತ್ತಲ್ಲ, ಸೊಂಟ ಬಾಗಿ ಹಾಗೇ ನಿಂತುಬಿಟ್ಟಿತು. ನಿಂತರೂ ಗೂನು, ಕೂತರೂ ಗೂನು.

ಆದರೂ ಮುದ್ದೆ ತೊಳಸಿ ಬಡಿದಳು. ಟಕ್ ಟಕ್.

ಬೂದ ಬಂದ. ಅವನಿಗೂ ವಯಸ್ಸಾಗಿತ್ತು, ಕುಂಟುಕಾಲು ಎಳೆದುಕೊಂಡೇ ಬಂದ. ಬಾಗಿಲಲ್ಲಿ ಸಾಕವ್ವ ಬಗ್ಗಿಕೊಂಡು ನಿಂತಿದ್ದಳು. ಅವನು ಓಡಿದ.

"ಬೂದಾ, ನಾನು ಬಗ್ಗಿಲ್ಲ ಕಣೋ, ನನ್ನ ಬೆನ್ನೇ ಹೀಗೆ!" ಅಂತ ಕೂಗಿದಳು. ಬೂದ ಹೊಂಗೆಯ ಮರದ ಆಚೆ ನಿಂತು ಅವಳನ್ನೇ ನೋಡಿದ. ಒಂದು ಹೆಜ್ಜೆ ಮುಂದಿಟ್ಟ. ಕಾಲು ನಡುಗಿತು, ಹಿಂದಕ್ಕಿಟ್ಟ. ಆಮೇಲೆ ನಾಯಿಗಳು ಮನುಷ್ಯರ ಜೊತೆ ಮಾತು ಬಿಟ್ಟವು. ಹೇಳಿ ಏನು ಪ್ರಯೋಜನ ಅನಿಸಿರಬೇಕು.

ಸಾಕವ್ವ ಬದುಕಿರುವವರೆಗೂ ಬಾಗಿಲಲ್ಲಿ ತುತ್ತಿಟ್ಟಳು. ತಲೆ ಸವರುವುದು ಮಾತ್ರ ಆಗಲೇ ಇಲ್ಲ.

ನನ್ನ ಬೆನ್ನೂ ನೋಡು ಮಗಾ, ಅವಳದ್ದೇ. ನಾನು ಬೀದಿಗಿಳಿದರೆ ನಾಯಿಗಳು ಜಾಗ ಖಾಲಿ ಮಾಡುತ್ತವೆ. ನನಗೆ ಬೇಜಾರಾಗುತ್ತದೆ, ಕೋಪ ಬರುವುದಿಲ್ಲ. ಹೋಗು, ಆ ರೊಟ್ಟಿ ಚೂರು ತೆಗೆದುಕೊಂಡು ಹೋಗಿ ಕಟ್ಟೆಯ ಮೇಲಿಟ್ಟು ಬಾ, ಬಗ್ಗಬೇಡ.

ನೋಡಿದೆಯಾ? ಅದಕ್ಕೇ ಇವತ್ತಿಗೂ ನೀನು ಬಗ್ಗಿದರೆ ನಾಯಿ ಓಡುತ್ತದೆ, ಆದರೆ ಕಣ್ಮರೆಯಾಗುವಷ್ಟು ದೂರ ಹೋಗುವುದಿಲ್ಲ. ಬೀದಿಯ ತುದಿಯಲ್ಲಿ ನಿಂತು ತಿರುಗಿ ನೋಡುತ್ತದೆ, ನಿನ್ನ ಕೈಯಲ್ಲಿರುವುದು ಕಲ್ಲೋ ತುತ್ತೋ ಅಂತ.