ಪಾಚಿಗೆ ಊಟ

"ಬುದ್ಧಿ, ಒಂಟಿತನವನ್ನು ಬೇರುಸಮೇತ ಕೀಳುವುದು ಹೇಗೆ?" ಎಂದು ಶಿಷ್ಯ ಗುರುಸಿದ್ಧ ಕೇಳಿದ. "ಜಪ ಮಾಡಿದೆ, ಓದಿದೆ, ಮಠದ ಅಂಗಳವನ್ನೆಲ್ಲ ಗುಡಿಸಿದೆ. ಬೆಳಗಾದರೆ ಮತ್ತೆ ಅಷ್ಟೇ ಇರುತ್ತದೆ."

ಅವನು ತಂದಿಟ್ಟ ಮಜ್ಜಿಗೆಯ ಲೋಟವನ್ನು ಗುರುಗಳು ಪಕ್ಕಕ್ಕೆ ಸರಿಸಿ, ಕತೆ ಹೇಳಿದರು.

ಒಬ್ಬ ಅಡುಗೆಯವನಿದ್ದ. ಮೂವತ್ತು ವರ್ಷ ಹಡಗಿನಲ್ಲಿ ಅಡುಗೆ ಮಾಡಿದವನು. ಎದುರಿಗೆ ಯಾರು ಬಂದರೂ ಅವನ ಮೊದಲ ಮಾತು, "ಊಟ ಆಯ್ತಾ?" ಕೆಲಸ ಮುಗಿದ ಮೇಲೆ ಸಮುದ್ರದಿಂದ ದೂರದ ಊರೊಂದರಲ್ಲಿ ಮನೆ ಹಿಡಿದ. ಅಲ್ಲಿ ಆ ಮಾತಿಗೆ ಉತ್ತರ ಕೊಡುವವರು ಯಾರೂ ಇರಲಿಲ್ಲ. ಗಾಜಿನ ತೊಟ್ಟಿ ತಂದ, ನೀರಿಗೆ ಕಡಲುಪ್ಪು ಬೆರೆಸಿದ, ಬಿಳಿ ಪಟ್ಟಿಯ ಎರಡು ಕಿತ್ತಳೆ ಮೀನು ಬಿಟ್ಟ. ಮನೆ ಬಿಕೋ ಎನ್ನದಿರಲೆಂದು ತೊಟ್ಟಿಯ ದೀಪವನ್ನು ಇಡೀ ದಿನ ಉರಿಸಿದ.

ಕೆಲವೇ ತಿಂಗಳಲ್ಲಿ ಪಾಚಿ ಹಿಡಿಯಿತು. ಹಲ್ಲುಜ್ಜುವ ಬ್ರಷ್ಷಿನಿಂದ ದಿನವೂ ಉಜ್ಜಿದ. ಪಾಚಿ ಮೇಯುವ ಬಸವನಹುಳು ತಂದು ಬಿಟ್ಟ. ವಾರ ಕಳೆಯುವುದರೊಳಗೆ ಗಾಜು, ಕಲ್ಲು ಮತ್ತೆ ಹಸಿರು. ಒಂದು ಮೀನು ಸತ್ತಿತು. ಇನ್ನೊಂದು ಮೇಲಕ್ಕೆ ಬಂದು ಏದುಸಿರು ಬಿಡತೊಡಗಿತು. ಇದೂ ಹೋದರೆ ತನಗೆ ಯಾರಿದ್ದಾರೆ? ಅವನು ಮೀನಿನ ಅಂಗಡಿಗೆ ಓಡಿದ.

"ದಿನಕ್ಕೆ ಎಷ್ಟು ಸಲ ತಿನ್ನೋಕೆ ಹಾಕ್ತೀರಿ?" ಎಂದು ಅಂಗಡಿಯಾಕೆ ಕೇಳಿದಳು.

"ಏಳೆಂಟು ಸಲ ಕಣಮ್ಮ. ಗಾಜಿನ ಹತ್ರ ಬಂದು ಬಾಯಿ ಬಿಡುತ್ತೆ. ಊಟ ಆಯ್ತಾ ಅಂತ ಕೇಳಿ ಸುಮ್ಮನಿರೋದು ಹೇಗೆ?"

"ಅದಕ್ಕೆ ಒಂದು ಚಿಟಿಕೆ ಸಾಕು. ಮಿಕ್ಕಿದ್ದೆಲ್ಲ ನೀರಲ್ಲೇ ಕೊಳೆತು ಪಾಚಿಗೆ ಗೊಬ್ಬರ ಆಗ್ತಿದೆ. ನೀವು ಇಷ್ಟು ದಿನ ಸಾಕಿದ್ದು ಪಾಚಿನ, ಯಜಮಾನ್ರೇ."

ಅವನಿಗೆ ಸಿಟ್ಟು ಬಂತು. ಇಡೀ ಹಡಗಿಗೇ ಉಣಿಸಿದವನಿಗೆ ಬಡಿಸುವ ಪಾಠ ಹೇಳುತ್ತಾಳಲ್ಲ! ಆದರೂ ಮೀನಿನ ಮುಖ ನೋಡಿ ಒಪ್ಪಿದ. ಅವಳು ಹೇಳಿಕೊಟ್ಟಂತೆ ದಿನಕ್ಕೊಂದೇ ಚಿಟಿಕೆ ಹಾಕಿದ, ದೀಪ ಕಡಿಮೆ ಮಾಡಿದ, ವಾರಕ್ಕೊಮ್ಮೆ ಒಂದಿಷ್ಟು ನೀರು ಬದಲಿಸಿದ.

ಮೀನು ಎಂದಿನಂತೆ ಬರುತ್ತಿತ್ತು. ಬರಿಗೈ ನೋಡಿ ಹಿಂದಿರುಗುತ್ತಿತ್ತು. ಆಮೇಲೆ ಬರುವುದನ್ನೇ ಬಿಟ್ಟಿತು. ಅಷ್ಟು ದಿನ ಅದು ಬರುತ್ತಿದ್ದದ್ದು ಯಾತಕ್ಕೆಂದು ಅವನಿಗೆ ಅರ್ಥವಾಯಿತು. ಒಬ್ಬನೇ ಕೂತು ಅತ್ತ.

ಎರಡು ತಿಂಗಳಿಗೆ ನೀರು ತಿಳಿಯಾಯಿತು. ಹಿಂದಿನ ಕಲ್ಲಿನ ಬಳಿ ಮೀನು ಬಾಲದಿಂದ ಮರಳು ಗುಡಿಸಿ ತನಗೊಂದು ಜಾಗ ಮಾಡಿಕೊಳ್ಳುತ್ತಿತ್ತು. ತಿನ್ನದಿರುವಾಗ ಅದು ಏನು ಮಾಡುತ್ತದೆಂದು ಅವನು ಒಂದು ದಿನವೂ ನೋಡಿರಲಿಲ್ಲ. ಏನೂ ಕೇಳದೆ, ಏನೂ ಹಾಕದೆ, ಸಂಜೆಯವರೆಗೆ ನೋಡುತ್ತ ಕೂತ.

ಗುರುಗಳು ಕತೆ ನಿಲ್ಲಿಸಿದರು. ಅವರ ಹಿಂದೆ ಕಿಟಕಿಯಲ್ಲಿ ಮುಟ್ಟದ ಮೂರು ಲೋಟಗಳಿದ್ದವು. ಗುರುಸಿದ್ಧ ಅವುಗಳನ್ನು ಆಗಷ್ಟೇ ನೋಡಿದ.

"ಬೆಳಗಿನಿಂದ ಇದು ನಾಲ್ಕನೆಯ ಲೋಟ ಮಜ್ಜಿಗೆ, ಗುರುಸಿದ್ಧ; ನಾಳೆ ಬರಿಗೈಯಲ್ಲೇ ಬಾ."